ಏಳು ಅಂಗಡಿಗೊಂದು ಸರ್ವರ್

ಏಸಿ ಮೆಕ್ಯಾನಿಕ್ ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎಂದು ಸತಾಯಿಸುತ್ತಲೇ ಇದ್ದ. ಹಾಗಾಗಿ ಮೂರನೆಯ ಮಹಡಿಯ ಆ ಇಕ್ಕಟ್ಟಾದ ಕೋಣೆಯ ಬಾಗಿಲಲ್ಲಿ ಎತ್ತರದ, ತೆಳ್ಳನೆಯ ಗಂಡಸೊಬ್ಬ ಬ್ಯಾಗು ಹಿಡಿದು ನಿಂತಿದ್ದನ್ನು ಕಂಡದ್ದೇ ತಡ, ಅವಳು ಹಿಂದುಮುಂದು ನೋಡದೆ ಅವನ ಕೈಗೆ ಸ್ಕ್ರೂಡ್ರೈವರ್ ತುರುಕಿದಳು.

“ಅಂತೂ ಬಂದ್ರಲ್ಲ. ಏಣಿ ಅಲ್ಲಿದೆ. ಒಳಗೆ ಒಲೆ ಥರ ಆಗಿದೆ, ಬೇಗ ನೋಡಿ.”

ಅವನು ಒಮ್ಮೆ ಏಣಿಯನ್ನು ನೋಡಿದ, ಒಮ್ಮೆ ಅವಳನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದವನು, ಅವಳ ಹಣೆಯಿಂದ ಇಳಿಯುತ್ತಿದ್ದ ಬೆವರು ಕಂಡು ಸುಮ್ಮನಾದ. ಶರ್ಟಿನ ತೋಳು ಮಡಿಸಿ ಏಣಿ ಹತ್ತಿದ. ಫಿಲ್ಟರ್ ಬಿಚ್ಚಿ ಕೆಳಗೆ ಕೊಟ್ಟ. ಅವಳು ಅದನ್ನು ತೊಳೆದು ತರುವಷ್ಟರಲ್ಲಿ ಒಳಗಿನ ಧೂಳನ್ನೆಲ್ಲ ಕೆಡವಿ, ಕೂದಲೆಲ್ಲ ಬೂದಿ ಬಣ್ಣ ಮಾಡಿಕೊಂಡು ಕೂತಿದ್ದ. ಏಸಿ ಒಮ್ಮೆ ಕೆಮ್ಮಿ ತಣ್ಣಗೆ ಊದತೊಡಗಿತು.

“ಮೇಡಂ, ಇದು ಆಯ್ತು. ಆದ್ರೆ ಆ ಮೆಷಿನ್ ಸದ್ದು ಸರಿ ಇಲ್ಲ.”

“ಯಾವ ಮೆಷಿನ್?”

“ನಿಮ್ಮ ಬೆನ್ನ ಹಿಂದೆ ಇರೋದು. ಉಗುರಲ್ಲಿ ಗೋಡೆ ಕೆರೆದ ಹಾಗೆ ಕೇಳಿಸ್ತಿದೆ. ಅದರ ಒಂದು ಡಿಸ್ಕು ಹೋಗೋ ಹಾಗಿದೆ.”

ಅವಳು ತಿರುಗಿ ನೋಡಿದಳು. ಕಬ್ಬಿಣದ ಕಪಾಟಿನೊಳಗಿನ ಹಳೆಯ ಸರ್ವರಿನಲ್ಲಿ ಹಳದಿ ದೀಪವೊಂದು ಮಿನುಗುತ್ತಿತ್ತು. ಅದು ಮಿನುಗಲು ಶುರುವಾಗಿ ತಿಂಗಳ ಮೇಲಾಗಿತ್ತು. “ಏಸಿ ರಿಪೇರಿಯವರಿಗೆ ಸರ್ವರ್ ಬಗ್ಗೆ ಏನ್ರೀ ಗೊತ್ತು?”

“ಸ್ವಲ್ಪ ಗೊತ್ತು,” ಎಂದ ಅವನು, ಏಣಿಯ ತುದಿಯಿಂದಲೇ. “ಅದನ್ನ ಮಾರೋಕೇ ನಾನು ಬಂದಿರೋದು.”

ಅವಳ ಕೈಯಲ್ಲಿದ್ದ ಒದ್ದೆ ಬಟ್ಟೆ ಜಾರಿ ಕೆಳಗೆ ಬಿತ್ತು. ಅವನು ನಗಲಿಲ್ಲ. ಆದರೆ ಕಣ್ಣಿನ ಮೂಲೆಯಲ್ಲಿ ನಗು ಹಣಕಿ ಹಾಕಿ ಹೋದದ್ದು ಅವಳಿಗೆ ಕಾಣಿಸಿತು. ಆಮೇಲೆ ಎಷ್ಟೋ ದಿನ ಅದೇ ನೆನಪಾಗಿ, ಬಿಲ್ಲಿಂಗ್ ಕೌಂಟರಿನ ಹೆಂಗಸರ ಮುಂದೆಯೇ ಕೆನ್ನೆ ಬಿಸಿಯಾಗುತ್ತಿತ್ತು.

ಬಟ್ಟೆ, ಪಾತ್ರೆ, ಚಪ್ಪಲಿ, ಹಾಸಿಗೆ ಎಲ್ಲವನ್ನೂ ಒಂದೇ ಸೂರಿನಡಿ ಮಾರುವ ಆ ಕಂಪನಿಗೆ ಏಳು ಅಂಗಡಿಗಳಿದ್ದವು. ಏಳೂ ಅಂಗಡಿಗಳ ಬಿಲ್ಲು, ಸ್ಟಾಕು, ಬೆಲೆಗಳೆಲ್ಲ ದೊಡ್ಡ ಅಂಗಡಿಯ ಈ ಮೂರನೇ ಮಹಡಿಯ ಯಂತ್ರಕ್ಕೆ ಬಂದು ಸೇರುತ್ತಿದ್ದವು. ಅದನ್ನು ನೋಡಿಕೊಳ್ಳುವವಳು ಅವಳೊಬ್ಬಳೇ. ಎಲ್ಲರ ಬಾಯಲ್ಲೂ ಅವಳು ‘ಸಿಸ್ಟಂ ಮೇಡಂ’. ಬೆಲೆ ತಪ್ಪಾಗಿ ಬಂದರೂ ಅವಳನ್ನೇ ಕರೆಯುತ್ತಿದ್ದರು, ಪ್ರಿಂಟರಿಗೆ ಕಾಗದ ಸಿಕ್ಕಿಕೊಂಡರೂ ಅವಳನ್ನೇ.

ಹೊಸ ಸರ್ವರ್ ಬೇಕೆಂದು ಎರಡು ವರ್ಷದಿಂದ ಕೇಳಿ ಕೇಳಿ ಅವಳ ಗಂಟಲು ಒಣಗಿತ್ತು. ಯಜಮಾನರ ಅಳಿಯ ಪ್ರತಿ ಸಲವೂ “ಇದು ಇನ್ನೂ ನಡೀತಿದೆಯಲ್ಲ” ಎಂದು ಬಾಯಿ ಮುಚ್ಚಿಸುತ್ತಿದ್ದ. ಕೆಲಸದವರೆಲ್ಲ ಬೆನ್ನ ಹಿಂದೆ ಅವನನ್ನು ‘ಅಳಿಯದೇವರು’ ಎನ್ನುತ್ತಿದ್ದರು. ಅಂಥ ಅಳಿಯದೇವರು ಹೋದ ತಿಂಗಳು ತಾನಾಗಿಯೇ ಕರೆದು, “ಒಳ್ಳೇದು ನೋಡಿ ಆರಿಸಿ, ನಿಮ್ಮ ಹೆಸರಲ್ಲೇ ಶಿಫಾರಸು ಬರೀರಿ” ಎಂದಿದ್ದ. ಅವಳಿಗೆ ಖುಷಿಯಾಗಬೇಕಿತ್ತು. ಆಯಿತು ಕೂಡ. ಆದರೆ ಅವನ ಕೋಣೆಯಿಂದ ಹೊರಬಂದವಳು ಅದೇಕೋ ಒಮ್ಮೆ ತಿರುಗಿ ಆ ಬಾಗಿಲನ್ನು ನೋಡಿದಳು.

ಮೂರು ಕಂಪನಿಯವರು ಬಂದರು. ಮೊದಲನೆಯವನು ತೋರಿಸಿದ ಯಂತ್ರ ಯಾವುದಾದರೂ ಬ್ಯಾಂಕಿಗೆ ಹೇಳಿ ಮಾಡಿಸಿದಂತಿತ್ತು. ಏಳು ಅಂಗಡಿಯಲ್ಲ, ಎಪ್ಪತ್ತಾದರೂ ಅದರ ಹೊಟ್ಟೆ ತುಂಬುತ್ತಿರಲಿಲ್ಲ. ಎರಡನೆಯವನದು ಮನೆಯ ಕಂಪ್ಯೂಟರಿಗೆ ಸೂಟು ಹಾಕಿ ಕರೆತಂದಂತಿತ್ತು. ಏಣಿ ಹತ್ತಿದವನು ಮಾತ್ರ ಯಾವ ಯಂತ್ರವನ್ನೂ ತೋರಿಸಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಒಂದು ಪ್ರಶ್ನೆ ಕೇಳಿದ.

“ವರ್ಷದಲ್ಲಿ ಅತಿ ಕೆಟ್ಟ ಗಂಟೆ ಯಾವುದು?”

“ನನ್ನದಾ, ಅಂಗಡಿದಾ?”

“ಮೊದಲು ಅಂಗಡಿದು ಹೇಳಿ. ನಿಮ್ಮದು ಆಮೇಲೆ ಕೇಳ್ತೀನಿ.”

ಅವಳು ಪೆನ್ನಿನ ತುದಿ ಕಚ್ಚಿದಳು. “ಡಿಸ್ಕೌಂಟ್ ಸೇಲಿನ ಕೊನೇ ಶನಿವಾರ, ಸಂಜೆ. ಅವತ್ತು ನೋಡ್ಬೇಕು ನೀವು. ಜನ ಒಬ್ಬರ ಮೇಲೊಬ್ಬರು ಬೀಳ್ತಾರೆ.”

“ಹಾಗಾದ್ರೆ ಅವತ್ತು ಬರ್ತೀನಿ. ಮಾಮೂಲಿ ದಿನ ನೋಡಿ ಮೆಷಿನ್ ಆರಿಸಿದ್ರೆ ಅವತ್ತು ಕೈ ಕೊಡುತ್ತೆ. ಆ ಒಂದು ಗಂಟೇನ ತಡ್ಕೊಳ್ಳೋದು ಯಾವುದೋ ಅದೇ ಸರಿಯಾದ್ದು. ಅದಕ್ಕಿಂತ ದೊಡ್ಡದು ಬರೀ ಜಂಬಕ್ಕೆ.”

“ಮಾರೋಕೆ ಬಂದವರು ದೊಡ್ಡದು ಬೇಡ ಅನ್ನೋದನ್ನ ಇದೇ ಮೊದಲು ಕೇಳಿದ್ದು.”

“ನಮ್ಮ ಬಾಸ್ ಮುಂದೆ ಹೇಳಿಬಿಟ್ಟೀರಾ ಮತ್ತೆ.”

ಆ ಶನಿವಾರ ಅವನು ಬಂದ. ಬಿಲ್ಲಿಂಗ್ ಕೌಂಟರುಗಳ ಹಿಂದೆ, ಕ್ಯಾರಿಬ್ಯಾಗಿನ ಕಟ್ಟುಗಳ ನಡುವೆ ಅವರಿಬ್ಬರೂ ಒತ್ತಾಗಿ ನಿಂತರು. ಸಾಲುಗಳು ಮೆಟ್ಟಿಲ ತನಕ ಬೆಳೆದಿದ್ದವು. ಮೊದಲ ಕೌಂಟರಿನಲ್ಲಿ ಎಲ್ಲರಿಗಿಂತ ಹಿರಿಯ ಕ್ಯಾಷಿಯರ್ ಕೂತಿದ್ದಳು. ಅಂಗಡಿಗೆಲ್ಲ ಅವಳು ದೊಡ್ಡಕ್ಕ. ಕೈ ಯಂತ್ರದಂತೆ ಓಡುತ್ತಿದ್ದರೂ ಕಣ್ಣು ಮಾತ್ರ ಇವರ ಮೇಲೇ ಇತ್ತು.

“ಮೇಡಂ, ನಿಮ್ಮ ಕೊಕ್ಕರೆಗೆ ಒಂದು ಸ್ಟೂಲ್ ಕೊಡ್ಲಾ? ಆಗಿನಿಂದ ಒಂದೇ ಕಾಲಲ್ಲಿ ನಿಂತಿದೆ.”

“ದೊಡ್ಡಕ್ಕ, ಸುಮ್ನೆ ಬಿಲ್ ಹಾಕಿ.”

“ಹಾಕ್ತಾನೇ ಇದೀನಮ್ಮ. ಕಣ್ಣಿಗೇನು ಬಿಲ್ ಹಾಕೋ ಕೆಲಸ ಇಲ್ವಲ್ಲ.”

ಅವನು ಇದೇನೂ ಕೇಳದವನಂತೆ ಅವಳ ಕಿವಿಯ ಹತ್ತಿರ ಬಗ್ಗಿದ. ಆ ಗದ್ದಲದಲ್ಲಿ ಹಾಗಲ್ಲದೆ ಮಾತು ಕೇಳಿಸುತ್ತಿರಲಿಲ್ಲ. “ಬೀಪ್ ಅಂದ ಮೇಲೆ ಬೆಲೆ ಬರೋ ತನಕ ಒಂದು ಕ್ಷಣ ಖಾಲಿ ಇದೆ ನೋಡಿ. ಆಗ ಗಿರಾಕಿ ಮುಖ ನೋಡಿ.”

ಅವಳು ನೋಡಿದಳು. ಕೈಯಲ್ಲಿ ಕೆಂಪು ಕೋಟು ಹಿಡಿದ ಹೆಂಗಸೊಬ್ಬಳು ಪರದೆಯನ್ನೇ ದಿಟ್ಟಿಸುತ್ತಿದ್ದಳು. ಬೆಲೆ ಬರಲು ತಡವಾದಷ್ಟೂ ಅವಳ ಹಿಡಿತ ಸಡಿಲವಾಗುತ್ತ ಹೋಯಿತು.

“ಇದು ನನಗೆ ಬೇಕಾ ಅಂತ ಜನಕ್ಕೆ ಅನ್ನಿಸೋದು ಆ ಕ್ಷಣದಲ್ಲೇ,” ಎಂದ ಅವನು. “ಒಳ್ಳೇ ಸರ್ವರ್ ಆ ಸಮಯ ಕೊಡಲ್ಲ.”

ಅವಳು ತಿರುಗಿದಳು. ಅವನ ಮುಖ ಎಷ್ಟು ಹತ್ತಿರವಿತ್ತೆಂದರೆ ರೆಪ್ಪೆಯ ಮೇಲಿನ ಕಾಗದದ ಧೂಳೂ ಕಾಣುತ್ತಿತ್ತು. ಎಲ್ಲಿಯೋ ಬೀಪ್ ಎಂದಿತು. ಅವಳಿಗೂ ಆ ಖಾಲಿ ಕ್ಷಣ ಸಿಕ್ಕಿತ್ತು. ಬೇಕೇ ಎಂದು ತನ್ನನ್ನು ತಾನೇ ಕೇಳಿಕೊಳ್ಳುವ ಮೊದಲೇ ಉತ್ತರ ಬಂದುಬಿಟ್ಟಿತ್ತು.

ಹೊರಡುವಾಗ ಅವನೆಂದ, “ಸೋಮವಾರದಿಂದ ಒಂದಷ್ಟು ದಿನ ಬರಲ್ಲ. ಬೇರೆ ಕಡೆ ಕೆಲಸ. ಅವರದೂ ಅಂಗಡಿಗಳೇ, ಆದ್ರೆ ನಿಮಗಿಂತ ತುಂಬಾ ದೊಡ್ಡ ಕಂಪನಿ.”

“ಅಲ್ಲೂ ಏಣಿ ಹತ್ತಿಸ್ತಾರೇನೋ.”

“ಎಲ್ಲ ಕಡೆ ಅಂಥ ಅದೃಷ್ಟ ಇರಲ್ಲ,” ಎಂದು ಅವನು ನಕ್ಕ. ಅವನು ಮನಬಿಚ್ಚಿ ನಕ್ಕಿದ್ದನ್ನು ಅವಳು ನೋಡಿದ್ದು ಅದೇ ಮೊದಲು. ಆಮೇಲೆ ಬಹಳ ದಿನ ಆ ನಗು ಮತ್ತೆ ಕಾಣಲಿಲ್ಲ.

ಅವನಿಲ್ಲದ ಆ ದಿನಗಳಲ್ಲಿ ಅಂಗಡಿಯಲ್ಲಿ ಏನೇನೋ ಆಗತೊಡಗಿತು. ದೊಡ್ಡದೇನಲ್ಲ, ಎಲ್ಲ ಚಿಲ್ಲರೆ ಸಂಗತಿಗಳೇ. ಒಂದು ಬೆಳಿಗ್ಗೆ ಇಬ್ಬರು ಅಪರಿಚಿತರು ಗೋಡೆಗೆ ಕೆಂಪು ಬೆಳಕಿನ ಚುಕ್ಕೆ ಬಿಟ್ಟು ಮಹಡಿ ಅಳೆಯುತ್ತಿದ್ದರು. ಯಾರೆಂದು ಕೇಳಿದರೆ “ಇನ್ಶೂರೆನ್ಸ್‌ನವರು” ಎಂದರು. ಮೂರನೇ ಅಂಗಡಿಯ ಬೋರ್ಡಿನ ದೀಪ ಕೆಟ್ಟಿತು. ಅದನ್ನು ಸರಿಮಾಡಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಕೆಲಸ ಬಿಟ್ಟ ಟೈಲರಿನ ಜಾಗಕ್ಕೆ ಇನ್ನೊಬ್ಬ ಬರಲಿಲ್ಲ. ದೊಡ್ಡ ಯಜಮಾನರು ದಿನಾ ಬಾಗಿಲು ತೆಗೆಯುವ ಹೊತ್ತಿಗೆ ಒಬ್ಬರೇ ಬಂದು, ನೆಲಮಹಡಿಯ ಕಂಬವೊಂದಕ್ಕೆ ಅಂಗೈ ಒತ್ತಿ ನಿಂತು, ಯಾರಾದರೂ ಕಂಡರೆ ಕೈ ತೆಗೆದು ಹೋಗಿಬಿಡುತ್ತಿದ್ದರು.

ಇಷ್ಟೆಲ್ಲದರ ನಡುವೆ ಅಳಿಯದೇವರು ಮಾತ್ರ ಬೆಣ್ಣೆಯಂತಾಗಿದ್ದ. ಎರಡು ಪವರ್ ಸಪ್ಲೈ ಇರುವ ಯಂತ್ರ ಬೇಕೆಂದಳು, ಆಗಲಿ ಎಂದ. ಸರ್ವರಿಗೆ ಬರುವ ಲೈನ್ ಕಡಿದುಹೋದರೂ ಅಂಗಡಿಗಳು ತಮ್ಮಷ್ಟಕ್ಕೆ ಬಿಲ್ ಹಾಕುವ ವ್ಯವಸ್ಥೆ ಬೇಕೆಂದಳು, ಅದೂ ಆಗಲಿ ಎಂದ. ಒಂದಕ್ಕೂ ಚೌಕಾಶಿ ಮಾಡಲಿಲ್ಲ.

ಮನೆಯಲ್ಲಿ ಅಪ್ಪನ ಮುಂದೆ ಇದನ್ನೆಲ್ಲ ಹೇಳಿದಳು. ಅಪ್ಪ ಇಡೀ ಆಯುಷ್ಯ ಲಾರಿ ಓಡಿಸಿದವರು. ಈಗ ಕಿಟಕಿಯ ಪಕ್ಕ ಕೂತು ಬೀದಿಯಲ್ಲಿ ಹೋಗುವ ಗಾಡಿಗಳ ಕಾಯಿಲೆ ಹೇಳುವುದೇ ಅವರ ಕೆಲಸ.

“ಎಂಜಿನ್ ಗುಡುಗುಡು ಅಂದ್ರೆ ನಾನು ತಲೆ ಕೆಡಿಸ್ಕೊಳ್ತಿರಲಿಲ್ಲ ಮಗಳೇ,” ಎಂದರು ಅಪ್ಪ. “ಗುಡುಗುಡು ಅಂತಿದ್ದದ್ದು ಒಮ್ಮೆಲೇ ನುಣ್ಣಗಾದ್ರೆ ಮಾತ್ರ ಗಾಡಿ ಪಕ್ಕಕ್ಕೆ ಹಾಕ್ತಿದ್ದೆ.”

“ಅಪ್ಪಾ, ಹೆದರಿಸ್ಬೇಡಿ.”

“ಹೆದರಿಸ್ತಿಲ್ಲ. ಅದಿರಲಿ, ಆ ಏಣಿ ಹುಡುಗ ಏನಂತಾನೆ?”

“ಯಾವ ಏಣಿ ಹುಡುಗ?”

“ದಿನಾ ಊಟಕ್ಕೆ ಕೂತಾಗ ನಿನ್ನ ಬಾಯಲ್ಲಿ ಬರ್ತಾನಲ್ಲ, ಅವನು.”

ಅವಳು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸಿ ಬಹಳ ಹೊತ್ತು ಒಂದೇ ತಟ್ಟೆಯನ್ನು ತೊಳೆದಳು.

ಅವನು ಮತ್ತೆ ಬಂದಾಗ ಬೇರೆಯವನೇ ಬಂದಂತಿತ್ತು. ಕೆಲಸದಲ್ಲಿ ಏನೂ ಕಡಿಮೆಯಿರಲಿಲ್ಲ. ಲೆಕ್ಕ ಹಾಕಿದ, ಡಿಸ್ಕುಗಳು ಜೋಡಿಜೋಡಿಯಾಗಿ ಇರಬೇಕು, ಒಂದು ಸತ್ತರೆ ಇನ್ನೊಂದು ನಿಲ್ಲಬೇಕು ಎಂದು ವಿವರಿಸಿದ. ಆದರೆ ಅವಳು “ಮುಂದಿನ ವರ್ಷ ಎಂಟನೇ ಅಂಗಡಿ ಬಂದ್ರೆ?” ಎಂದಾಗ ಅವನ ಪೆನ್ನು ನಿಂತುಬಿಟ್ಟಿತು.

“ಮೆಮೊರಿಗೆ ಖಾಲಿ ಜಾಗ ಇರುತ್ತೆ,” ಎಂದ ಕೊನೆಗೆ, ಅವಳ ಮುಖ ನೋಡದೆ.

“ಹುಷಾರಿಲ್ವಾ?”

“ಹಾಗೇನಿಲ್ಲ.”

“ಆ ದೊಡ್ಡ ಕಂಪನಿಯವರು ಊಟ ಸರಿಯಾಗಿ ಹಾಕ್ಲಿಲ್ಲ ಅನ್ಸುತ್ತೆ.”

ಅವನು ನಗಬೇಕಿತ್ತು. ನಗಲಿಲ್ಲ. ಗೋಡೆಯಾಚೆ ಹಳೆಯ ಯಂತ್ರ ಕೆರೆಯುತ್ತಲೇ ಇತ್ತು.

ಅದೇ ವಾರ ದೊಡ್ಡಕ್ಕ ಅವಳನ್ನು ಸ್ಟಾಕ್ ರೂಮಿಗೆ ಕರೆದಳು. ಹಾಸಿಗೆಗಳ ರಾಶಿಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

“ಊರಾಚೆ ಹೊಸದಾಗಿ ಒಂದು ಅಂಗಡಿ ಆಗ್ತಿದೆಯಂತೆ. ಹೆಡ್ ಕ್ಯಾಷಿಯರ್ ಆಗಿ ಬಾ ಅಂತಿದಾರೆ. ಈ ವಯಸ್ಸಲ್ಲಿ ಇನ್ನೊಂದು ಸಲ ಯಾರು ಕರೀತಾರೆ ನನ್ನ? ಆದ್ರೆ ಇಲ್ಲೇ ಹಣ್ಣಾದವಳು ನಾನು. ಇಲ್ಲಿ ಏನೇನೋ ಗುಸುಗುಸು ಬೇರೆ. ನೀನು ಹೇಳಮ್ಮ. ಹೊಸ ಸರ್ವರ್ ಬರ್ತಿದೆ ಅಂದ್ರೆ ಅಂಗಡಿ ಇರುತ್ತೆ ಅಂತ ತಾನೆ?”

“ಇರುತ್ತೆ ದೊಡ್ಡಕ್ಕ. ಐದು ವರ್ಷದ ಲೆಕ್ಕ ಹಾಕಿ ಆರಿಸ್ತಿರೋದು. ಮುಚ್ಚೋರು ಯಾರಾದ್ರೂ ಅಂಥ ಮೆಷಿನ್ ತಗೊಳ್ತಾರಾ?”

ದೊಡ್ಡಕ್ಕ ಅವಳ ಗಲ್ಲ ಮುಟ್ಟಿ ಎದ್ದಳು. ಸಂಜೆಯ ಹೊತ್ತಿಗೆ ಆ ಮಾತು ಎಲ್ಲ ಕೌಂಟರುಗಳಿಗೂ ಹರಡಿತ್ತು. ಸಿಸ್ಟಂ ಮೇಡಂ ಹೇಳಿದ್ದಾರೆ, ಹೆದರುವಂಥದ್ದೇನಿಲ್ಲ. ಜನರ ಮುಖಗಳು ಹಗುರಾದವು. ಅವಳಿಗೆ ಮಾತ್ರ ಅಪ್ಪ ಹೇಳಿದ, ಒಮ್ಮೆಲೇ ನುಣ್ಣಗಾದ ಎಂಜಿನ್ ನೆನಪಾಯಿತು.

ಸರ್ವರ್ ತೀರ್ಮಾನಿಸುವ ಮೀಟಿಂಗಿನ ಹಿಂದಿನ ದಿನ ಮಧ್ಯಾಹ್ನ, ಏಸಿಯ ಹೊರಗಿನ ಪೆಟ್ಟಿಗೆ ನೋಡಬೇಕೆಂಬ ನೆವದಲ್ಲಿ ಅವನನ್ನು ತಾರಸಿಗೆ ಕರೆದೊಯ್ದಳು. ನೆವ ಎನ್ನುವುದು ಅವಳಿಗೂ ಗೊತ್ತಿತ್ತು, ಬಹುಶಃ ಅವನಿಗೂ. ನೀರಿನ ತೊಟ್ಟಿಯ ನೆರಳಲ್ಲಿ ನಿಂತರು. ಏಸಿಯ ಬಿಸಿಗಾಳಿಗೆ ಅವಳ ಕೂದಲು ಹಾರಿ ಮುಖದ ಮೇಲೆ ಬೀಳುತ್ತಿತ್ತು. ಅವನ ಕೈ ಅದನ್ನು ಸರಿಸಲೆಂದು ಅರ್ಧ ಮೇಲೇರಿ, ಮತ್ತೆ ಕೆಳಗಿಳಿಯಿತು.

“ಮೆಷಿನ್ ಬಂದ ಮೇಲೆ ನೀವು ಬರೋದು ನಿಂತುಹೋಗುತ್ತಾ?” ಎಂದು ಕೇಳಿದಳು.

“ಸರ್ವೀಸಿಗೆ ನಮ್ಮವರು ಬರ್ತಾರೆ. ಫೋನ್ ಮಾಡಿದ್ರೆ ಸಾಕು.”

“ನಿಮ್ಮವರ ವಿಷಯ ಅಲ್ಲ ನಾನು ಕೇಳಿದ್ದು. ನಿಮ್ಮದು.”

ಅವನು ಅವಳ ಕಣ್ಣು ತಪ್ಪಿಸಿ ಕೆಳಗೆ ಬೀದಿಯತ್ತ ನೋಡಿದ. ಎದುರಿನ ಫುಟ್‌ಪಾತಿನಲ್ಲಿ ಒಬ್ಬ ಅಂಗಡಿಯ ಮುಂಭಾಗದ ಫೋಟೋ ತೆಗೆಯುತ್ತಿದ್ದ.

“ಐದು ವರ್ಷ ಇದೆ,” ಎಂದಳು ಅವಳು. “ಐದು ವರ್ಷ ಏನಾದ್ರೊಂದು ಕೆಟ್ಟುಹೋಯ್ತು ಅಂತ ಹೇಳಿ ನಿಮ್ಮನ್ನೇ ಕರೆಸ್ತೀನಿ. ಬರ್ತೀರಲ್ಲ?”

“ಐದು ವರ್ಷದ ಮಾತು ಬೇಡ ಮೇಡಂ,” ಎಂದ ಅವನು. ಅವನ ಮುಖ ಸುಣ್ಣದಂತಾಗಿತ್ತು. “ದಯವಿಟ್ಟು.”

ಅವಳು ತಿರುಗಿ ಹೊರಟಳು. ಮೆಟ್ಟಿಲಿಳಿಯುವಾಗ ಕಣ್ಣು ಮಂಜಾಗಿ ಪಕ್ಕದ ಕಂಬಿ ಹಿಡಿದು ಇಳಿದಳು.

ಮರುದಿನ ಬೆಳಿಗ್ಗೆ ಮೀಟಿಂಗ್ ರೂಮಿನಲ್ಲಿ ದೊಡ್ಡ ಯಜಮಾನರು, ಅಳಿಯದೇವರು, ಅವಳು, ಎದುರಿಗೆ ಅವನು. ಅವಳ ಶಿಫಾರಸು ಮೇಜಿನ ಮೇಲಿತ್ತು. ಮೂರರಲ್ಲಿ ನಡುವಿನ ಗಾತ್ರದ್ದು, ಅವನ ಕಂಪನಿಯದೇ. ರಾತ್ರಿ ಎಷ್ಟೇ ಅತ್ತಿದ್ದರೂ ಆ ಆಯ್ಕೆ ಸರಿಯಾದದ್ದು ಎನ್ನುವುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಅಳಿಯದೇವರು ಪೆನ್ನಿನ ಮುಚ್ಚಳ ತೆಗೆದ.

“ಕ್ಷಮಿಸಿ,” ಎಂದ ಎದುರಿಗೆ ಕೂತಿದ್ದವನು. “ನಮ್ಮ ಕೊಟೇಶನ್ ವಾಪಸ್ ತಗೋತಿದೀನಿ.”

ಅಳಿಯದೇವರು ತೆಗೆದ ಮುಚ್ಚಳವನ್ನು ಮತ್ತೆ ಪೆನ್ನಿಗೆ ಹಾಕಿದ.

“ಏನು ಹಾಗಂದ್ರೆ? ನಿಮ್ಮ ಬಾಸಿಗೆ ಗೊತ್ತಾ ಇದು?” ಎಂದ ಅಳಿಯದೇವರು.

“ಇಲ್ಲ. ಇನ್ನು ಹೋಗಿ ಹೇಳ್ಬೇಕು.” ಅವನು ಎದ್ದು ಬ್ಯಾಗು ತೆಗೆದುಕೊಂಡ. ಬಾಗಿಲ ಬಳಿ ಒಂದು ಗಳಿಗೆ ನಿಂತು ಅವಳತ್ತ ನೋಡಿ ಹೊರಟುಹೋದ.

ಅವಳು ಅವನನ್ನು ಹಿಡಿದದ್ದು ಹಿಂಬದಿಯಲ್ಲಿ, ಸಾಮಾನು ಇಳಿಸುವ ಕಟ್ಟೆಯ ಪಕ್ಕ. ಓಡಿ ಬಂದು ಏದುಸಿರು ಬಿಡುತ್ತಿದ್ದಳು.

“ನಿನ್ನೆ ನಾನು ಬಾಯಿ ತಪ್ಪಿ ಏನೋ ಅಂದೆ. ಇಷ್ಟ ಇಲ್ಲ ಅಂದ್ರೆ ಇಲ್ಲ ಅನ್ಬಹುದಿತ್ತು. ಅದಕ್ಕೆ ನನ್ನ ಕೆಲಸಕ್ಕೆ ಕಲ್ಲು ಹಾಕೋದಾ? ಅಲ್ಲಿ ಎಲ್ಲರ ಮುಂದೆ ನನ್ನ ಮುಖಕ್ಕೆ ಮಸಿ ಬಳೀಬೇಕಿತ್ತಾ?”

“ನಿನ್ನೆ ನೀವು ಅಂದಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ.”

“ಮತ್ತೆ ಯಾಕೆ?”

“ಹೇಳೋ ಹಾಗಿಲ್ಲ.”

“ಬಂದ ಆರ್ಡರನ್ನ ಯಾವ ಸೇಲ್ಸ್‌ನವನು ಒದೀತಾನೆ? ಮೆಷಿನ್ ಕೆಟ್ಟದ್ದಾ?”

“ನಿಮ್ಮ ಆಯ್ಕೆಯಲ್ಲಿ ಒಂದು ಚೂರೂ ತಪ್ಪಿಲ್ಲ. ಕೇಳ್ಬೇಡಿ ಮೇಡಂ. ಸಹಿ ಹಾಕಿ ಬಾಯಿಗೆ ಬೀಗ ಹಾಕ್ಕೊಂಡಿದೀನಿ.”

ಸಹಿ. ಅವಳು ಅವನನ್ನೇ ನೋಡುತ್ತ ನಿಂತಳು. ದೊಡ್ಡ ಕಂಪನಿ, ಅವರದೂ ಅಂಗಡಿಗಳೇ. ಅಲ್ಲಿಗೆ ಹೋಗಿ ಬಂದ ಮೇಲೆ ಕಳೆದುಹೋದ ನಗು. ಬೆಣ್ಣೆಯಂತಾದ ಅಳಿಯ. ಕಂಬಕ್ಕೆ ಅಂಗೈ ಒತ್ತುವ ಮುದುಕ. ಅವಳ ಕಾಲ ಕೆಳಗಿನ ನೆಲ ಮೆಲ್ಲನೆ ಸರಿಯಿತು. ಲಾರಿಯೊಂದು ಹಿಮ್ಮುಖವಾಗಿ ಬಂದು ಕಟ್ಟೆಗೆ ತಾಗಿ ನಿಂತಿತು.

“ಒಂದೇ ಒಂದು ಕೇಳ್ತೀನಿ,” ಎಂದಳು. “ಕಂಪನಿ ವಿಷಯ ಅಲ್ಲ. ದೊಡ್ಡಕ್ಕನಿಗೆ ಬೇರೆ ಕಡೆ ಕೆಲಸ ಸಿಕ್ಕಿದೆ. ಬೇಡ, ಇಲ್ಲೇ ಇರಿ ಅಂದಿದೀನಿ. ಸರಿ ಮಾಡಿದ್ನಾ?”

ಅವನು ಕಣ್ಣು ಮುಚ್ಚಿದ. ಈಗಲೂ ಅವನು ಸುಮ್ಮನಿದ್ದು ಹೊರಟುಹೋಗಬಹುದಿತ್ತು.

“ಆ ಕೆಲಸ ಒಪ್ಕೊಳ್ಳೋಕೆ ಹೇಳಿ,” ಎಂದ. “ಇವತ್ತೇ ಹೇಳಿ.”

“ನಿನಗೆ ಗೊತ್ತಿತ್ತು,” ಎಂದಳು. ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು, ಅದೂ ಸಿಟ್ಟಿನಲ್ಲಿ. “ಇಷ್ಟು ದಿನ ನನ್ನ ಜೊತೆ ಕೂತು ಐದು ವರ್ಷದ ಲೆಕ್ಕ ಹಾಕ್ದೆ. ನಿನಗೆ ಗೊತ್ತಿತ್ತು.”

“ಗೊತ್ತಿತ್ತು. ನಿಮ್ಮ ಹೆಸರಲ್ಲಿ ಆ ಮೆಷಿನ್ ಬಂದ್ರೆ ಎಲ್ಲರೂ ನಂಬಿ ಕೂತುಬಿಡ್ತಾರೆ. ನಿಮ್ಮ ಹೆಸರನ್ನ ಅದಕ್ಕೆ ಬಳಸೋದನ್ನ ನೋಡೋಕಾಗ್ಲಿಲ್ಲ.” ಸ್ವಲ್ಪ ತಡೆದು, ಅವನು ಮತ್ತೆ ಹೇಳಿದ, “ಬೇರೆ ಯಾರದಾಗಿದ್ರೂ ಸುಮ್ನಿರ್ತಿದ್ನೇನೋ. ಅಷ್ಟು ಒಳ್ಳೆಯವನಲ್ಲ ನಾನು.”

ಲಾರಿಯವನು ಹಾರ್ನ್ ಹೊಡೆದ. ಇಬ್ಬರೂ ಪಕ್ಕಕ್ಕೆ ಸರಿದರು, ಬೇರೆ ಬೇರೆ ಕಡೆಗೆ.

ಅವಳು ನೇರವಾಗಿ ದೊಡ್ಡ ಯಜಮಾನರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸುತ್ತಿ ಬಳಸದೆ ಕೇಳಿದಳು. ಮುದುಕರು ಮುಂದಿದ್ದ ಕಾಗದಗಳನ್ನು ಪಕ್ಕಕ್ಕೆ ಸರಿಸಿದರು.

“ಹೌದಮ್ಮ. ಏಳನ್ನೂ ಒಂದು ದೊಡ್ಡ ಕಂಪನಿಗೆ ಕೊಡ್ತಿದೀವಿ. ಕೊಳ್ಳೋರು ತಮ್ಮ ಜನಾನೇ ತರ್ತಾರೆ, ತಮ್ಮ ಯಂತ್ರಾನೇ ತರ್ತಾರೆ. ಆದ್ರೆ ಕೈ ಬದಲಾಗೋ ದಿನದ ತನಕ ಅಂಗಡಿ ತುಂಬಿರ್ಬೇಕು, ಜನ ಬಿಟ್ಟು ಹೋಗ್ಬಾರದು. ಹೊಸ ಮೆಷಿನ್ ಬಂದ್ರೆ ಯಾರೂ ಕದಲಲ್ಲ ಅಂತ ಅಳಿಯಂದಿರ ಲೆಕ್ಕ. ನಿನ್ನ ಮಾತಂದ್ರೆ ಎಲ್ಲರಿಗೂ ನಂಬಿಕೆ.”

“ಅದಕ್ಕೇ ನನ್ನ ಹೆಸರಲ್ಲಿ ಬರೀರಿ ಅಂದ್ರು.”

“ನಿನಗೊಂದು ದಾರಿ ಮಾಡೋಣ. ಸ್ವಲ್ಪ ದಿನ ತುಟಿ ಬಿಚ್ಬೇಡ.”

“ಆಗಲ್ಲ ಸರ್,” ಎಂದಳು. ಬಾಗಿಲು ತೆಗೆದು ಹೊರಬಂದಳು.

ಸ್ಟಾಕ್ ರೂಮಿನಲ್ಲಿ ಎಲ್ಲರನ್ನೂ ಸೇರಿಸಿ, ತಾನು ಮೊದಲು ಹೇಳಿದ್ದು ಸುಳ್ಳಾಯಿತು ಎಂದಳು. ಅಂಗಡಿ ಬೇರೆಯವರ ಕೈಗೆ ಹೋಗುತ್ತಿದೆ, ಸಿಕ್ಕಿದ ಕೆಲಸ ಬಿಡಬೇಡಿ ಎಂದಳು. ಕೆಲವರು ಅತ್ತರು. ಒಬ್ಬಾಕೆ ಅವಳನ್ನೇ ಬೈದಳು. ದೊಡ್ಡಕ್ಕ ಹೊರಗೆ ಹೋಗಿ ಫೋನ್ ಮಾಡಿ ಬಂದಳು. ಆ ಜಾಗ ಇನ್ನೂ ಖಾಲಿಯಿತ್ತು. ದೊಡ್ಡಕ್ಕನ ಜೊತೆ ಮತ್ತೆ ಮೂವರಿಗೆ ಅಲ್ಲೇ ಕೆಲಸ ಸಿಕ್ಕಿತು. ಉಳಿದವರಿಗೆ ಹುಡುಕಲು ಒಂದಿಷ್ಟು ಸಮಯ ಸಿಕ್ಕಿತು, ಅಷ್ಟೇ.

ಯಾರು ಹೇಳಿದರೆಂದು ಅಳಿಯದೇವರು ಅವಳನ್ನು ಕೂರಿಸಿಕೊಂಡು ಗದರಿದ. ಯಾರೂ ಹೇಳಲಿಲ್ಲ, ಎಲ್ಲ ನನಗೇ ಹೊಳೆಯಿತು ಎಂದಳು. ಆದರೆ ಮೀಟಿಂಗಿನಲ್ಲಿ ಎದ್ದುಹೋದವನನ್ನು ಮರೆಯುವಷ್ಟು ದಡ್ಡನಾಗಿರಲಿಲ್ಲ ಅವನು. ಎರಡು ಫೋನು ಹೋದವು, ಆ ಸೇಲ್ಸ್‌ನವನ ಬಾಸಿಗೊಂದು, ಕೊಳ್ಳುವವರಿಗೊಂದು. ಅವಳು ಅವನ ಆಫೀಸಿಗೆ ಹೋದಾಗ ಮೇಜು ಖಾಲಿಯಾಗಿತ್ತು. ರಿಸೆಪ್ಷನಿನ ಹೆಂಗಸು ತಲೆ ಎತ್ತದೆ, “ಅವರು ಈಗ ಇಲ್ಲಿಲ್ಲ” ಎಂದಳು.

ಒಂದೇ ಒಂದು ಮೆಸೇಜು ಬಂತು. “ಕೈ ಬದಲಾಗೋ ತನಕ ಎರಡೂ ಕಡೆಯ ಯಾರ ಜೊತೆಗೂ ಮಾತಾಡಬಾರದು ಅಂತ ವಕೀಲರ ನೋಟಿಸ್ ಬಂದಿದೆ. ಮಾತಾಡಿದ್ರೆ ನಿಮಗೂ ತೊಂದರೆ. ಕಾಯ್ತೀರಾ ಅಂತ ಕೇಳೋ ಹಕ್ಕು ನನಗಿಲ್ಲ.”

ಉತ್ತರ ಬರೆಯುವಂತಿರಲಿಲ್ಲ. ಅವಳು ಬರೆದಳು, ಅಳಿಸಿದಳು. ಮತ್ತೆ ಬರೆದಳು. ಸಿಟ್ಟು ಇನ್ನೂ ಇತ್ತು. ಆ ಸಿಟ್ಟಿನಡಿ, ಬೂದಿಯೊಳಗಿನ ಕೆಂಡದಂತೆ, ಬೇರೆಯದೂ ಇತ್ತು. ಅಪ್ಪ ಈಗ ಏಣಿ ಹುಡುಗನ ಸುದ್ದಿ ಎತ್ತುತ್ತಿರಲಿಲ್ಲ. ಊಟದ ತಟ್ಟೆಯ ಪಕ್ಕ ಅವಳ ಫೋನನ್ನು ತಾವೇ ತಂದಿಟ್ಟು ಹೋಗುತ್ತಿದ್ದರು.

ಅಂಗಡಿ ಬರಿದಾಗುತ್ತ ಹೋಯಿತು. ಮೊದಲು ಸರಕು, ಆಮೇಲೆ ಕಪಾಟು, ಕೊನೆಗೆ ಜನ. ಬಟ್ಟೆಯಿಲ್ಲದ ಬೊಂಬೆಗಳನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದ್ದರು. ಹೊಸಬರು ಲೆಕ್ಕಗಳನ್ನೆಲ್ಲ ತಮ್ಮ ಯಂತ್ರಕ್ಕೆ ಎಳೆದುಕೊಂಡ ಮೇಲೆ, ಹಳೆಯದನ್ನು ಆರಿಸಿ ಕೆಳಗೆ ತಂದಿಡಿ, ಅದೇ ನಿಮ್ಮ ಕೊನೆಯ ಕೆಲಸ ಎಂದರು. ಅವಳು ಬಟನ್ ಒತ್ತಿದಳು. ಫ್ಯಾನುಗಳು ಸಣ್ಣಗೆ ನರಳುತ್ತ ನಿಂತವು. ಇಷ್ಟು ವರ್ಷ ಆ ಕೋಣೆಯಲ್ಲಿ ಅವಳು ಕೇಳಿರದ ಒಂದು ಮೌನ ಬಂದು ಕಿವಿಗೆ ಕೂತಿತು.

ಮಧ್ಯಾಹ್ನವೇ ಆದರೂ ಕಿಟಕಿಯಿಲ್ಲದ ಮೆಟ್ಟಿಲ ದಾರಿಯಲ್ಲಿ ಮಹಡಿಗೊಂದು ಮಂದ ದೀಪವಷ್ಟೇ ಉರಿಯುತ್ತಿತ್ತು. ಲಿಫ್ಟಿನ ಕರೆಂಟ್ ಆಗಲೇ ತೆಗೆದಿದ್ದರು. ಯಂತ್ರವನ್ನು ಹೊಸ್ತಿಲ ತನಕ ಎಳೆದು ತಂದು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಗ ಕೆಳಗಿನಿಂದ ಹೆಜ್ಜೆಗಳು ಬಂದವು. ಉದ್ದನೆಯ, ಅವಸರವಿಲ್ಲದ ಹೆಜ್ಜೆಗಳು.

“ಒಬ್ಬರೇ ಎತ್ತೋಕಾಗಲ್ಲ ಅದನ್ನ,” ಎಂದ ಅವನು. ಗಡ್ಡ ಬಿಟ್ಟಿದ್ದ. ಇನ್ನಷ್ಟು ಸೊರಗಿದ್ದ. “ನೋಟಿಸ್ ಅವಧಿ ಇವತ್ತಿಗೆ ಮುಗೀತು.”

ಅವಳಿಗೆ ಬೈಯಬೇಕೆನಿಸಿತು. “ಆ ಕಡೆ ಹಿಡ್ಕೊ,” ಎಂದಳು.

ಅವನಿಗೆ ಬೆನ್ನು ಮಾಡಿ ಅವಳು ಕೆಳಗಿನ ತುದಿ ಹಿಡಿದಳು, ಅವನು ಮೇಲಿನ ತುದಿ. ಒಂದೊಂದೇ ಮೆಟ್ಟಿಲು ಇಳಿದರು. ಎರಡನೇ ಮಹಡಿಯ ತಿರುವಿನಲ್ಲಿ ಕೈ ಸೋತು ಯಂತ್ರವನ್ನು ಕೆಳಗಿಟ್ಟು ಅದರ ಎರಡು ಬದಿಗೆ ಕೂತರು.

“ಕೆಲಸ ಸಿಕ್ತಾ?” ಎಂದಳು.

“ಇಲ್ಲ. ಬಾಯಿ ಬಿಡೋನು ಅಂತ ಹೆಸರು ಬಂದಿದೆ. ಈ ಊರಲ್ಲಿ ಸಿಗೋ ಹಾಗಿಲ್ಲ. ಬೇರೆ ಊರಲ್ಲಿ ಹಳೇ ಮೆಷಿನ್ ರಿಪೇರಿ ಅಂಗಡಿ ಇಡೋಣ ಅಂತ ಇದೀನಿ. ನಡೆಯುತ್ತೋ ಇಲ್ವೋ ಗೊತ್ತಿಲ್ಲ. ನಿಮಗೆ?”

“ನನಗೂ ಇಲ್ಲ. ದೊಡ್ಡ ಯಜಮಾನರು ಮಾಡ್ತೀನಿ ಅಂದಿದ್ದ ದಾರಿ ಅವತ್ತೇ ಮುಚ್ತು.” ಅವಳು ಮಂಡಿಯ ಮೇಲೆ ಗಲ್ಲವಿಟ್ಟಳು. “ಹೇಳಿದ್ದಕ್ಕೆ ಪಶ್ಚಾತ್ತಾಪ ಇದೆಯಾ?”

“ತಡವಾಗಿ ಹೇಳಿದ್ದಕ್ಕಿದೆ. ಅಲ್ಲಿಂದ ಬಂದ ದಿನಾನೇ ಹೇಳ್ಬೇಕಿತ್ತು. ದಿನಾ ಬೆಳಿಗ್ಗೆ ಹೇಳೋಣ ಅಂತ ಬರ್ತಿದ್ದೆ. ಹೇಳಿದ್ರೆ ಮತ್ತೆ ನಿಮ್ಮನ್ನ ನೋಡೋಕೆ ನೆವ ಇರಲ್ಲ ಅಂತ ಸುಮ್ನಾಗ್ತಿದ್ದೆ. ಇದನ್ನ ಬೇರೆ ಯಾರಿಗೂ ಹೇಳಿಲ್ಲ.”

ಮೇಲೆಲ್ಲೋ ಬಾಗಿಲು ಧಡ್ಡೆಂದು ಮುಚ್ಚಿತು. ಕೆಳಗಿನಿಂದ ಹೊಸ ಸೆಕ್ಯುರಿಟಿಯವನ ಕೂಗು ಬಂತು, “ಮೇಲೆ ಯಾರಿದೀರಾ, ಬೇಗ ಇಳೀರಿ, ಮೇನ್ ಆಫ್ ಮಾಡ್ತೀನಿ.”

“ನಿನ್ನ ಮೇಲೆ ಸಿಟ್ಟು ಇನ್ನೂ ಹೋಗಿಲ್ಲ ನನಗೆ,” ಎಂದಳು.

“ಗೊತ್ತು.”

“ಸಿಟ್ಟು ಇಟ್ಕೊಂಡೇ ಬರ್ತೀನಿ. ಅಪ್ಪನೂ ಬರ್ತಾರೆ, ಅವರನ್ನ ಬಿಟ್ಟು ಬರಲ್ಲ. ಆಗುತ್ತಾ?”

ಅವನು ಯಂತ್ರದ ಮೇಲಿಂದ ಕೈ ಚಾಚಿದ. ಅವಳು ಅದನ್ನು ಎರಡೂ ಅಂಗೈಗಳ ನಡುವೆ ಹಿಡಿದುಕೊಂಡಳು.

“ನೀನು ಅಂತೀಯಾ ನನ್ನ?” ಎಂದು ಕೇಳಿದಳು ಮೆಲ್ಲಗೆ. “ಇನ್ನೂ ಮೇಡಂ, ನೀವು ಅಂತಾನೇ ಇದ್ರೆ ನನಗಾಗಲ್ಲ.”

“ನೀನು,” ಎಂದ ಅವನು. ಅಷ್ಟೇ ಹೇಳಲು ಅವನಿಗೆ ಎರಡು ಸಲ ಉಸಿರೆಳೆದುಕೊಳ್ಳಬೇಕಾಯಿತು.

ಮೂರನೇ ಮಹಡಿಯ ದೀಪ ಆರಿತು. ಕತ್ತಲು ಮೆಟ್ಟಿಲು ಮೆಟ್ಟಿಲಾಗಿ ಅವರತ್ತ ಇಳಿದು ಬಂತು.

“ಹೆದರಿಕೆ ಆಗ್ತಿದೆಯಾ ನಿನಗೆ?” ಎಂದು ಅವನು ಕೇಳಿದ.

“ಆಗ್ತಿದೆ. ನಿನಗೆ?”

“ನನಗೂ.”

“ಹಾಗಾದ್ರೆ ಈ ಕಡೆ ನೀನು ಬಾ,” ಎಂದಳು ಅವಳು. “ಮೇಲಿನ ತುದಿ ನಾನು ಹಿಡೀತೀನಿ. ನೀನು ಕೆಳಗಿದ್ರೆ ನಿನ್ನ ಮುಖ ಕಾಣುತ್ತೆ ನನಗೆ.”

ಅವರು ಬದಿ ಬದಲಿಸಿಕೊಂಡರು. ಇನ್ನೂ ಉರಿಯುತ್ತಿದ್ದ ಕೆಳಗಿನ ಒಂದೇ ದೀಪದತ್ತ ಬೆನ್ನು ಮಾಡಿ ಅವನು ಹಿಂದಕ್ಕೆ ಹೆಜ್ಜೆಯಿಟ್ಟ. ಅವನ ಮೇಲಿಂದ ಕಣ್ಣು ಕೀಳದೆ ಅವಳು ಇಳಿಯತೊಡಗಿದಳು.